ಅಬ್ಬೆ ಡುಬಾಯ್: ಪಾಶ್ಚಾತ್ಯರಿಗೆ ಹಿಂದೂದೇಶವನ್ನು ತೋರಿಸಿದ ಪಾದ್ರಿಯ ಚರಿತ್ರೆ

ಮನುಷ್ಯನು ತನ್ನ ಮುಖವನ್ನು ತಾನೇ ಕಾಣಲಾರನು. ಅದಕ್ಕೆ ಕನ್ನಡಿಯು ಬೇಕು. ಕನ್ನಡಿಯು ನಿರ್ಮಲವಾಗಿದ್ದರೆ ಮುಖವು ಇದ್ದಂತೆಯೇ ತೋರುವುದು. ಡೊಂಕಾಗಿದ್ದರೆ ಸುಂದರವಾದ ಮುಖವೂ ವಿಕಾರವಾಗಿ ತೋರುವುದು. ಜನಾಂಗಗಳ ವಿಷಯವೂ ಹೀಗೆಯೇ. ಒಂದು ದೇಶದವರು ಮತ್ತೊಂದು ದೇಶದವರನ್ನು ಕುರಿತು ಬರೆದಿಟ್ಟ ಗ್ರಂಥಗಳು ಇಂತಹ ಕನ್ನಡಿಗಳಾಗಿರುತ್ತವೆ. ಯೂರೋಪು ಖಂಡದವರು ಪೂರ್ವದೇಶಗಳನ್ನು ಕುರಿತು ಬರೆದ ಗ್ರಂಥಗಳು ಅಸಂಖ್ಯಾತವಾಗಿವೆ. ಅವುಗಳಲ್ಲಿ ಕೆಲವು ಪೂರ್ವದೇಶವನ್ನು ಜ್ಞಾನದ ತವರೆಂದು ಹೊಗಳಿದವು. ಕೆಲವು ಮೌಢ್ಯದ ಬೀಡೆಂದು ಹಳಿದವು. ಹೊಗಳಿದವರಲ್ಲಿಯೂ ಹಳಿದವರಲ್ಲಿಯೂ ಅನೇಕರು ಈ ನೆಲವನ್ನು ಮೆಟ್ಟಿದವರೇ ಅಲ್ಲ. ಫ್ರಾನ್ಸಿನ ವಾಲ್ಟೇರನು ತನ್ನ ದೇಶದಲ್ಲಿಯೇ ಕುಳಿತು ಬ್ರಾಹ್ಮಣರ ಪ್ರಾಚೀನ ಜ್ಞಾನವನ್ನು ಕೊಂಡಾಡಿದನು. ಲಂಡನ್ನಿನ ಜೇಮ್ಸ್ ಮಿಲ್ಲನು ಇಲ್ಲಿಗೆ ಬಾರದೆ, ಇಲ್ಲಿಯ ಒಂದು ಭಾಷೆಯನ್ನೂ ಕಲಿಯದೆ, 1817ರಲ್ಲಿ ಬ್ರಿಟಿಷ್ ಇಂಡಿಯದ ಇತಿಹಾಸವನ್ನು ಪ್ರಕಟಿಸಿ ಹಿಂದೂ ನಾಗರಿಕತೆಯು ಬಹು ಕೀಳಾದುದೆಂದು ತೀರ್ಮಾನಿಸಿದನು.

ಇಂತಹವರ ನಡುವೆ ಮೂವತ್ತು ವರ್ಷಗಳಿಗೂ ಮಿಗಿಲಾಗಿ ಈ ದೇಶದಲ್ಲಿಯೇ ನೆಲಸಿ, ಈ ಜನರ ಉಡುಪನ್ನೇ ಉಟ್ಟು, ಇವರ ಊಟವನ್ನೇ ಉಂಡು, ಬಳಿಕ ಇವರನ್ನು ಕುರಿತು ಬರೆದವನೊಬ್ಬನಿದ್ದನು. ಆತನು ಬಹುಕಾಲ ವಾಸಮಾಡಿದುದು ಕನ್ನಡನಾಡಿನ ಮೈಸೂರು ಸೀಮೆಯಲ್ಲಿ. ಆತನ ಗ್ರಂಥದಲ್ಲಿ ಲಿಂಗವಂತರ ವರ್ಣನೆಯೂ ಉಂಟು. ಹೀಗೆ ಹತ್ತಿರದಿಂದ ಕಂಡವನ ಕನ್ನಡಿಯಾದರೂ ನಿರ್ಮಲವಾಗಿದ್ದಿತೇ ಎಂಬುದನ್ನು ತಿಳಿಯಬೇಕಾದರೆ ಆತನ ಚರಿತ್ರೆಯನ್ನು ಆದ್ಯಂತವಾಗಿ ನೋಡಬೇಕು. ಆತನೇ ಜಾನ್ ಆಂಟ್ವಾನ್ ಡುಬಾಯ್. ಅಬ್ಬೆ ಎಂಬುದು ಫ್ರೆಂಚರಲ್ಲಿ ಪಾದ್ರಿಗೆ ಸಲ್ಲುವ ಗೌರವಪದವೇ ಹೊರತು ಕನ್ನಡದಲ್ಲಿ ತಾಯಿಯೆಂಬ ಅರ್ಥವುಳ್ಳ ಅಬ್ಬೆಯಲ್ಲ.

ಜನನ ಮತ್ತು ದೇಶತ್ಯಾಗ

ಡುಬಾಯನು 1766ರ ಸುಮಾರಿಗೆ ಫ್ರಾನ್ಸು ದೇಶದ ದಕ್ಷಿಣಭಾಗದಲ್ಲಿರುವ ಆರ್ದೆಶ್ ಸೀಮೆಯ ಸೇಂಟ್ ರೆಮೇಜ್ ಎಂಬ ಗ್ರಾಮದಲ್ಲಿ ಜನಿಸಿದನು. ಆತನು ವಿವಿಯೇ ಎಂಬ ಧರ್ಮಪ್ರಾಂತದಲ್ಲಿ ಪಾದ್ರಿಯ ದೀಕ್ಷೆಯನ್ನು ಹೊಂದಿದ ಕಾಲವು ಅತ್ಯಂತ ವಿಷಮವಾದುದಾಗಿದ್ದಿತು. 1789ರಲ್ಲಿ ಆರಂಭವಾದ ಫ್ರೆಂಚ್ ರಾಜ್ಯಕ್ರಾಂತಿಯು ಅರಸನ ಅಧಿಕಾರವನ್ನು ಮಾತ್ರವಲ್ಲದೆ ಪಾದ್ರಿಗಳ ಅಧಿಕಾರವನ್ನೂ ಕಿತ್ತೊಗೆಯುತ್ತಲಿದ್ದಿತು. ಹೊಸ ಸರಕಾರಕ್ಕೆ ಪ್ರಮಾಣಮಾಡಲೊಪ್ಪದ ಪಾದ್ರಿಗಳು ಸೆರೆಮನೆಯನ್ನೋ ಮರಣವನ್ನೋ ಎದುರುನೋಡಬೇಕಾಯಿತು. ಇಂತಹ ಸಮಯದಲ್ಲಿ, 1792ರಲ್ಲಿ, ಪ್ಯಾರಿಸ್ಸಿನ ವಿದೇಶ ಧರ್ಮಪ್ರಚಾರ ಸಂಘದ ಪರವಾಗಿ ತರುಣ ಡುಬಾಯನು ಹಡಗನ್ನೇರಿ ಹಿಂದೂದೇಶಕ್ಕೆ ಹೊರಟನು. ಸ್ವದೇಶದಲ್ಲಿಯೇ ಉಳಿದಿದ್ದರೆ ತನ್ನ ಪ್ರಾಣವು ಉಳಿಯುತ್ತಿರಲಿಲ್ಲವೆಂಬ ಭಾವನೆಯು ಆತನಿಗೆ ಕಡೆಯವರೆಗೂ ಇದ್ದಿತು.

ಆತನು ಮೊದಲು ಬಂದಿಳಿದುದು ಫ್ರೆಂಚರ ಪುದುಚ್ಚೇರಿಯ ಪ್ರಾಂತಕ್ಕೆ. ಮರುವರ್ಷವೇ, ಎಂದರೆ 1793ರಲ್ಲಿ, ಆ ಪಟ್ಟಣವು ಆಂಗ್ಲೇಯರ ವಶವಾಯಿತು. ಹುಟ್ಟಿದ ನಾಡಿನಲ್ಲಿ ಕ್ರಾಂತಿ. ನಂಬಿ ಬಂದ ನೆಲೆಯಲ್ಲಿ ಪರರ ಆಳ್ವಿಕೆ. ಹಿಂದಿರುಗುವುದಕ್ಕೆ ಮನೆಯಿಲ್ಲದವನಂತಾದ ಡುಬಾಯನು ಯೂರೋಪಿಯನ್ನರ ಸಹವಾಸವನ್ನು ಬಹುಮಟ್ಟಿಗೆ ತೊರೆದು ದೇಶೀಯರ ನಡುವೆ ಸೇರಿಹೋದನು. ಅವರ ಭಾಷೆಯನ್ನು ಕಲಿತನು. ಅವರಂತೆಯೇ ಉಡುಪನ್ನು ಧರಿಸಿದನು. ಅವರಿಗೆ ಅಸಹ್ಯವಾದ ಆಹಾರವನ್ನು ಬಿಟ್ಟನು. ಅವರ ಆಚಾರಗಳಲ್ಲಿ ತನಗೆ ಒಪ್ಪಿಗೆಯಾಗದುದನ್ನು ಕಂಡಾಗಲೂ ಮುಖದಲ್ಲಿ ಜುಗುಪ್ಸೆಯನ್ನು ತೋರಿಸದಂತೆ ನಡೆದುಕೊಂಡನು. ಥಾಮಸ್ ಹಿಕ್ಕಿಯೆಂಬ ಚಿತ್ರಕಾರನು ಬರೆದ ಆತನ ಪಟವು ಮದರಾಸಿನ ಸಾಹಿತ್ಯಸಂಘಕ್ಕೆ ಸೇರಿದುದು; ಅದರಲ್ಲಿ ಡುಬಾಯನು ದೇಶೀಯ ಉಡುಪನ್ನೇ ಧರಿಸಿದ್ದಾನೆ.

ಮೈಸೂರು ಸೀಮೆಯಲ್ಲಿ

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣವು ಆಂಗ್ಲೇಯರ ಕೈವಶವಾಗಿ ಟಿಪ್ಪುಸುಲ್ತಾನನು ರಣದಲ್ಲಿ ಮಡಿದನು. ಅದಕ್ಕೆ ಮುಂಚೆ ಕೆನರಾ ಸೀಮೆಯಿಂದ ಸೆರೆಹಿಡಿದು ಪಟ್ಟಣಕ್ಕೆ ತರಲ್ಪಟ್ಟಿದ್ದ ಕ್ರೈಸ್ತರಲ್ಲಿ ಅನೇಕರು ಬಲಾತ್ಕಾರದಿಂದ ಮತಾಂತರವನ್ನು ಹೊಂದಿ ಗುರುವಿಲ್ಲದೆ ಚದರಿಹೋಗಿದ್ದರು. ಅವರನ್ನು ಮರಳಿ ಒಂದುಗೂಡಿಸುವುದಕ್ಕೆ ತಕ್ಕ ಪಾದ್ರಿಯೊಬ್ಬನು ಬೇಕಾದಾಗ, ಪಟ್ಟಣದ ದಂಡಿನ ಅಧಿಪತಿಯಾಗಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಸೂಚನೆಯಂತೆ ಡುಬಾಯನಿಗೆ ಕರೆಯು ಬಂದಿತು. ಮುಂದೆ ವೆಲ್ಲಿಂಗ್ಟನ್ನಿನ ಡ್ಯೂಕನೆಂದು ಪ್ರಸಿದ್ಧನಾಗಿ ಫ್ರೆಂಚರ ಚಕ್ರವರ್ತಿ ನೆಪೋಲಿಯನ್ನನನ್ನು ಸೋಲಿಸಿದವನು ಈ ವೆಲ್ಲೆಸ್ಲಿಯೇ. ಫ್ರೆಂಚ್ ಪಾದ್ರಿಗೆ ಆಂಗ್ಲ ಸೇನಾನಿಯು ಆಶ್ರಯವಿತ್ತುದು ದೈವಘಟನೆಯೆಂದೇ ತೋರುವುದು.

ಅಂದಿನಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಕಾಲ ಮೈಸೂರು ಸೀಮೆಯೇ ಡುಬಾಯನ ಕಾರ್ಯಕ್ಷೇತ್ರವಾಯಿತು. ಉಪದೇಶದಿಂದ ಮಾತ್ರ ಬಡವರ ಹೊಟ್ಟೆಯು ತುಂಬದೆಂಬುದನ್ನು ಅರಿತು ಆತನು ಬೇಸಾಯದ ನೆಲೆಗಳನ್ನು ಸ್ಥಾಪಿಸಿದನು. ಇವುಗಳಲ್ಲಿ ಮುಖ್ಯವಾದುದು ಹಾಸನದ ಬಳಿಯ ಸತ್ತಿಹಳ್ಳಿ. ಆ ಕಾಲದಲ್ಲಿ ಸಿಡುಬಿನ ಬೇನೆಯು ಗ್ರಾಮಗ್ರಾಮಗಳನ್ನೇ ಬರಿದುಮಾಡುತ್ತಲಿದ್ದಿತು. ಇಂಗ್ಲೆಂಡಿನ ಜೆನ್ನರನು ಕಂಡುಹಿಡಿದ ದೇವಿಹಾಕುವ ಚಿಕಿತ್ಸೆಯು 1802ರಲ್ಲಿ ಹಿಂದೂದೇಶವನ್ನು ಮುಟ್ಟಿತು. ಜನರು ಅದಕ್ಕೆ ಅಂಜಿ ಹಿಂಜರಿಯುತ್ತಿರಲು ಡುಬಾಯನು ಊರೂರಿಗೆ ಹೋಗಿ, ನಯದಿಂದ ಹೇಳಿ ಒಪ್ಪಿಸಿ, 1803–04ರಲ್ಲಿ ಕೆಲವೇ ತಿಂಗಳುಗಳೊಳಗೆ 25,000ಕ್ಕೂ ಮಿಗಿಲಾದ ಜನರಿಗೆ ದೇವಿ ಹಾಕಿಸಿದನು. ಈ ಉಪಕಾರದಲ್ಲಿ ಆತನು ಮತಭೇದವನ್ನೆಣಿಸಲಿಲ್ಲ. ಆದುದರಿಂದಲೇ ಜನರು ಆತನನ್ನು ದೊಡ್ಡ ಸ್ವಾಮಿಯವರೆಂದು ಕರೆದರು. ಪರದೇಶದ ಪರಮತದ ಪಾದ್ರಿಗೆ ಕನ್ನಡಿಗರು ಕೊಟ್ಟ ಈ ಹೆಸರು ಅವರ ಹೃದಯದ ವೈಶಾಲ್ಯವನ್ನೂ ಆತನ ನಡತೆಯ ಶುದ್ಧಿಯನ್ನೂ ಏಕಕಾಲದಲ್ಲಿ ತೋರಿಸುತ್ತದೆ.

ಗ್ರಂಥದ ಮಾರಾಟ

ಹೀಗೆ ಜನರ ನಡುವೆ ಇದ್ದುಕೊಂಡೇ ಡುಬಾಯನು ಹಿಂದೂಜನರ ನಡೆನುಡಿ, ಆಚಾರ, ವ್ರತೋತ್ಸವಗಳನ್ನು ಕುರಿತು ಫ್ರೆಂಚ್ ಭಾಷೆಯಲ್ಲಿ ಒಂದು ದೊಡ್ಡ ಗ್ರಂಥವನ್ನು ಸಿದ್ಧಪಡಿಸಿದನು. ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು ಅದನ್ನು ಓದಿ ಮೆಚ್ಚಿ ಮದರಾಸಿನ ಸರಕಾರಕ್ಕೆ ಶಿಫಾರಸು ಮಾಡಿದನು. ಅದು ಸರಿಯಾದ ಸಮಯವೂ ಆಗಿದ್ದಿತು. 1806ರ ಜುಲೈ ತಿಂಗಳಲ್ಲಿ ವೆಲ್ಲೂರಿನ ಕೋಟೆಯಲ್ಲಿ ಕುಂಪಣಿಯ ದೇಶೀಯ ಸಿಪಾಯಿಗಳು ದಂಗೆಯೆದ್ದು ಅನೇಕ ಆಂಗ್ಲ ಯೋಧರನ್ನು ಕೊಂದಿದ್ದರು. ಸಿಪಾಯಿಗಳು ಹಣೆಯಲ್ಲಿ ಮತಚಿಹ್ನೆಯನ್ನು ಧರಿಸಕೂಡದು, ಕಿವಿಯಲ್ಲಿ ಆಭರಣವನ್ನಿಡಕೂಡದು, ಗಡ್ಡವನ್ನು ಗೊತ್ತಾದ ರೀತಿಯಲ್ಲಿ ಕತ್ತರಿಸಬೇಕು, ಹೊಸ ಬಗೆಯ ಟೊಪ್ಪಿಗೆಯನ್ನು ತೊಡಬೇಕು ಎಂಬ ಆಜ್ಞೆಗಳು ಆ ದಂಗೆಗೆ ಮುಖ್ಯ ಕಾರಣಗಳಲ್ಲೊಂದಾಗಿದ್ದವು. ಆಳುವವರು ಆಳಿಸಿಕೊಳ್ಳುವವರ ಮನಸ್ಸನ್ನು ಅರಿಯದಿದ್ದರೆ ರಾಜ್ಯವು ನಿಲ್ಲದೆಂಬುದು ಕುಂಪಣಿಗೆ ರಕ್ತದ ಬೆಲೆಯಿಂದ ತಿಳಿಯಿತು.

ಮದರಾಸಿನ ಗವರ್ನರನಾಗಿದ್ದ ಲಾರ್ಡ್ ವಿಲಿಯಂ ಬೆಂಟಿಂಕನು ಈ ದಂಗೆಯ ಕಾರಣವಾಗಿಯೇ 1807ರಲ್ಲಿ ಅಧಿಕಾರದಿಂದ ಹಿಂದಕ್ಕೆ ಕರೆಯಿಸಿಕೊಳ್ಳಲ್ಪಟ್ಟನು. ಅದೇ ವರ್ಷ ಆತನ ಅಭಿಪ್ರಾಯವನ್ನನುಸರಿಸಿ ಕುಂಪಣಿಯು ಡುಬಾಯನ ಹಸ್ತಪ್ರತಿಯನ್ನು 2,000 ವರಹಗಳನ್ನು ಕೊಟ್ಟು ಕೊಂಡುಕೊಂಡಿತು. ಯೂರೋಪಿಯನ್ನರು ದೇಶೀಯರೊಡನೆ ಬೆರೆಯದೆ ಅವರ ಆಂತರಿಕ ಜೀವನವನ್ನು ಅರಿಯದವರಾಗಿದ್ದಾರೆಂದೂ, ಈ ಗ್ರಂಥವು ಸರಕಾರದ ನೌಕರರಿಗೆ ಮಾರ್ಗದರ್ಶಕವಾಗುವುದೆಂದೂ ಬೆಂಟಿಂಕನು ಭಾವಿಸಿದ್ದನು. ಆ ಹಣವನ್ನು ಸರಕಾರದ ಸಾಲಪತ್ರಗಳಲ್ಲಿಟ್ಟು ಅದರ ಬಡ್ಡಿಯನ್ನು ಡುಬಾಯನಿಗೆ ಸಲ್ಲಿಸುವ ಏರ್ಪಾಡಾಯಿತು.

ಇಲ್ಲಿ ಒಂದು ವಿಷಯವು ಗಮನಿಸತಕ್ಕುದಾಗಿದೆ. ಜ್ಞಾನಕ್ಕಾಗಿ ಬರೆದ ಗ್ರಂಥಕ್ಕೂ ಆಳ್ವಿಕೆಗಾಗಿ ಕೊಂಡ ಗ್ರಂಥಕ್ಕೂ ಅಂತರವುಂಟು. ಜನರನ್ನು ಅರಿಯಬೇಕೆಂಬ ಇಚ್ಛೆಯು ಅಲ್ಲಿ ಇದ್ದುದು ನಿಜ. ಆದರೆ ಅದು ಅವರೊಡನೆ ಬಾಳುವುದಕ್ಕಾಗಿ ಹುಟ್ಟಿದ ಇಚ್ಛೆಯಲ್ಲ, ದಂಗೆಯಿಲ್ಲದೆ ಅವರನ್ನು ಆಳುವುದಕ್ಕಾಗಿ ಹುಟ್ಟಿದ ಇಚ್ಛೆ. ಯಾರನ್ನು ಕುರಿತು ಗ್ರಂಥವು ಬರೆಯಲ್ಪಟ್ಟಿತೋ ಅವರಲ್ಲಿ ಯಾರೂ ಅದನ್ನು ಓದಿ ಸರಿಯೆಂದೋ ತಪ್ಪೆಂದೋ ಹೇಳುವ ಸಂದರ್ಭವೇ ಇರಲಿಲ್ಲ. ಅದು ಫ್ರೆಂಚಿನಲ್ಲಿ ರಚಿತವಾಗಿ, ಲಂಡನ್ನಿಗೆ ಹೋಗಿ, ಆಂಗ್ಲಭಾಷೆಗೆ ಪರಿವರ್ತಿತವಾಗಿ 1816–17ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ, 1815ರಲ್ಲಿ, ಡುಬಾಯನು ಮದರಾಸಿನಲ್ಲಿದ್ದ ಪ್ರತಿಯನ್ನು ತರಿಸಿಕೊಂಡು ಬಹುವಾಗಿ ತಿದ್ದಿ ಬೆಳೆಸಿದ್ದನು. ಆದರೆ ಲಂಡನ್ನಿನಲ್ಲಿ ಅಚ್ಚಾದುದು ತಿದ್ದದ ಹಳೆಯ ಪ್ರತಿಯೇ. ತಿದ್ದಿದ ರೂಪವು ಫ್ರೆಂಚಿನಲ್ಲಿ 1825ರಲ್ಲಿಯೂ, ಹೆನ್ರಿ ಬ್ಯೂಚಾಂಪನ ಆಂಗ್ಲ ಭಾಷಾಂತರವಾಗಿ 1897ರಲ್ಲಿಯೂ ಹೊರಬಂದಿತು. ಹೀಗೆ ಎಂಬತ್ತು ವರ್ಷಗಳ ಕಾಲ ಆಂಗ್ಲ ಓದುಗರು, ಗ್ರಂಥಕರ್ತನೇ ಸಾಲದೆಂದು ತಿದ್ದಿದ್ದ ಚಿತ್ರವನ್ನೇ ನಿಜವೆಂದು ನೋಡುತ್ತಿದ್ದರು.

ಗ್ರಂಥದಲ್ಲಿ ಮೂಡಿದ ಚಿತ್ರ

ಡುಬಾಯನ ಕಣ್ಣು ಸೂಕ್ಷ್ಮವಾದುದಾಗಿದ್ದಿತು. ಬಡವನ ಗುಡಿಸಲಿನಲ್ಲಿರುವ ಮಡಕೆಕುಡಿಕೆಗಳನ್ನೂ, ರೈತನ ಸಾಲವನ್ನೂ, ಮದುವೆಯ ವೆಚ್ಚವನ್ನೂ ಆತನು ಎಣಿಸಿದಂತೆ ವರ್ಣಿಸಿದ್ದಾನೆ. ಯೂರೋಪಿನ ಯಂತ್ರಗಳಲ್ಲಿ ನೇಯ್ದ ಬಟ್ಟೆಯು ಬಂದು ಈ ದೇಶದ ನೇಕಾರರ ಮಗ್ಗಗಳು ನಿಂತುಹೋದುದನ್ನೂ, ಅದರಿಂದ ಅಸಂಖ್ಯಾತ ಕುಟುಂಬಗಳು ಅನ್ನವಿಲ್ಲದೆ ಸೊರಗಿದುದನ್ನೂ ಕಂಡು ಮರುಗಿ ಬರೆದಿದ್ದಾನೆ. ಕುಂಪಣಿಯ ಹಣವನ್ನು ಪಡೆದವನಾಗಿಯೂ ಇದನ್ನು ಮುಚ್ಚಿಡದಿದ್ದುದು ಆತನ ಸತ್ಯನಿಷ್ಠೆಗೆ ಸಾಕ್ಷಿ.

ಆದರೆ ಆತನ ಉದ್ದೇಶವು ಆತನ ಕಣ್ಣಿಗೆ ಒಂದು ಬಣ್ಣದ ಗಾಜನ್ನು ಕಟ್ಟಿದ್ದಿತು. ಪ್ರಾಚೀನ ಗ್ರೀಸಿನ ಸ್ಪಾರ್ಟಾ ನಗರದವರು ತಮ್ಮ ಮಕ್ಕಳಿಗೆ ಕುಡಿತದಲ್ಲಿ ಹೇವರಿಕೆಯು ಹುಟ್ಟಲೆಂದು ಕುಡಿದು ತೂರಾಡುವ ಗುಲಾಮರನ್ನು ತೋರಿಸುತ್ತಿದ್ದರಂತೆ. ಅದರಂತೆಯೇ ಹಿಂದೂಗಳ ವಿಗ್ರಹಾರಾಧನೆಯ ವಿಕಾರವನ್ನು ಬಿಡಿಸಿ ತೋರಿಸಿದರೆ ಕ್ರೈಸ್ತಮತದ ಸೌಂದರ್ಯವು ತಾನಾಗಿಯೇ ಬೆಳಗುವುದೆಂದು ಆತನು ಗ್ರಂಥದ ಪೀಠಿಕೆಯಲ್ಲಿಯೇ ಒಪ್ಪಿಕೊಂಡಿದ್ದಾನೆ. ವಿಕಾರವನ್ನು ತೋರಿಸಬೇಕೆಂದು ಹೊರಟವನಿಗೆ ವಿಕಾರವೇ ಮೊದಲು ಕಣ್ಣಿಗೆ ಬೀಳುವುದು ಸಹಜವಷ್ಟೆ.

ಎರಡನೆಯದಾಗಿ, ಹಿಂದೂದೇಶವೆಂದರೆ ಬ್ರಾಹ್ಮಣರ ಆಚಾರವೆಂದೇ ಆತನು ಬಹುಮಟ್ಟಿಗೆ ತಿಳಿದನು. ಗ್ರಂಥದ ಅತ್ಯಂತ ದೀರ್ಘವಾದ ಭಾಗವು ಬ್ರಾಹ್ಮಣನ ಜೀವನದ ಆಶ್ರಮಗಳನ್ನೂ ಸಂಸ್ಕಾರಗಳನ್ನೂ ಕುರಿತುದು. ಇತರರೆಲ್ಲರೂ ಆ ಅಳತೆಗೋಲಿಗೆ ಸರಿಯಾಗಿಯೋ ಕಡಮೆಯಾಗಿಯೋ ಕಾಣುವವರು. ಜಾತಿವ್ಯವಸ್ಥೆಯನ್ನಂತೂ ಆತನು ಬಹುವಾಗಿ ಶ್ಲಾಘಿಸಿದನು. ಹಿಂದೂ ಜನರು ಅನಾಗರಿಕ ಸ್ಥಿತಿಗೆ ಇಳಿಯದಂತೆ ತಡೆದ ಕಟ್ಟು ಜಾತಿಯೇ ಎಂಬುದು ಆತನ ಸಿದ್ಧಾಂತವಾಗಿದ್ದಿತು. ಸ್ವದೇಶದ ಕ್ರಾಂತಿಯಲ್ಲಿ ಸಮಾಜದ ಕಟ್ಟುಗಳೆಲ್ಲವೂ ಹರಿದು ರಕ್ತವು ಹರಿಯಿತೆಂದು ನೊಂದಿದ್ದ ಆತನಿಗೆ, ಜನರನ್ನು ತಮ್ಮ ತಮ್ಮ ಸ್ಥಾನದಲ್ಲಿ ನಿಲ್ಲಿಸುವ ಯಾವ ಕಟ್ಟಾದರೂ ಒಳ್ಳೆಯದೆಂದೇ ತೋರಿದ್ದಿರಬೇಕು. ಅದೇ ಕನ್ನಡನಾಡಿನಲ್ಲಿ, 12ನೆಯ ಶತಮಾನದಲ್ಲಿಯೇ, ಹುಟ್ಟಿನಿಂದ ಮೇಲುಕೀಳೆಂಬುದನ್ನು ಶಿವಶರಣರು ಅಲ್ಲಗಳೆದಿದ್ದರೆಂಬುದು ಆತನ ವಿಚಾರಕ್ಕೆ ಬರಲೇ ಇಲ್ಲ.

ಲಿಂಗವಂತರ ವಿಷಯದಲ್ಲಿ

ಮೈಸೂರು ಸೀಮೆಯಲ್ಲಿದ್ದವನಿಗೆ ಲಿಂಗವಂತರ ಪರಿಚಯವಾಗದಿರುವುದು ಅಸಾಧ್ಯ. ಡುಬಾಯನು ತನ್ನ ಗ್ರಂಥದಲ್ಲಿ ಅವರಿಗೆ ಸ್ಥಳವನ್ನು ಕೊಟ್ಟಿದ್ದಾನೆ. ಅವರು ಅಂಗದ ಮೇಲೆ ಲಿಂಗವನ್ನು ಧರಿಸುವರು, ಮಾಂಸವನ್ನು ಮುಟ್ಟರು, ಶವವನ್ನು ಸುಡದೆ ಹೂಳುವರು, ರಜಸ್ಸೂತಕವನ್ನೂ ಮರಣಸೂತಕವನ್ನೂ ಎಣಿಸರು, ಪುನರ್ಜನ್ಮವನ್ನೊಪ್ಪರು, ವಾರ್ಷಿಕ ಶ್ರಾದ್ಧವನ್ನು ಮಾಡರು, ನದಿಯಲ್ಲಿ ಮುಳುಗಿದರೆ ಪುಣ್ಯವು ಬರುವುದೆಂದು ನಂಬರು ಎಂಬ ಸಂಗತಿಗಳನ್ನು ಆತನು ಬರೆದಿಟ್ಟನು. ಹೊರಗಿನ ನೋಟಕ್ಕೆ ಇವುಗಳಲ್ಲಿ ಬಹುಭಾಗವು ತಪ್ಪಲ್ಲ. ಆದರೆ ಈ ಪಟ್ಟಿಯನ್ನು ಮತ್ತೊಮ್ಮೆ ನೋಡಿದರೆ ಅದರ ಕೊರತೆಯು ತಿಳಿಯುವುದು. ಅದರಲ್ಲಿರುವುದೆಲ್ಲವೂ ಬಹುತೇಕ ಮಾಡರು, ಒಪ್ಪರು, ಎಣಿಸರು ಎಂಬ ಮಾತುಗಳೇ. ಬ್ರಾಹ್ಮಣರ ಆಚಾರವನ್ನು ಮುಂದಿಟ್ಟುಕೊಂಡು ಅದರಲ್ಲಿ ಯಾವುದು ಇವರಲ್ಲಿಲ್ಲವೆಂದು ಎಣಿಸಿದಂತಿದೆ. ಇವರಲ್ಲಿ ಏನಿದೆಯೆಂಬುದು ಅಲ್ಲಿ ಇಲ್ಲ.

ಸೂತಕವನ್ನು ಶರಣರು ಬಿಟ್ಟುದು ಶೌಚದ ಅಲಕ್ಷ್ಯದಿಂದಲ್ಲ. ಗುರುವು ಕರುಣಿಸಿದ ಇಷ್ಟಲಿಂಗವು ಅಂಗದ ಮೇಲಿರುವಾಗ ಆ ಅಂಗಕ್ಕೆ ಮೈಲಿಗೆಯೆಲ್ಲಿಯದು ಎಂಬ ನಿಷ್ಠೆಯಿಂದ. ತೀರ್ಥಯಾತ್ರೆಯನ್ನು ಬಿಟ್ಟುದು ಭಕ್ತಿಯ ಕೊರತೆಯಿಂದಲ್ಲ. ದೇಹವೇ ದೇಗುಲವಾದವನು ದೇವರನ್ನರಸಿ ದೂರ ಹೋಗಬೇಕಾಗಿಲ್ಲವೆಂಬ ಅರಿವಿನಿಂದ. ಸ್ತ್ರೀಯರಿಗೂ ಲಿಂಗದೀಕ್ಷೆಯುಂಟಾದುದು, ಕಾಯಕವೇ ಪೂಜೆಯೆನಿಸಿದುದು, ಗಳಿಸಿದುದನ್ನು ಜಂಗಮಕ್ಕೂ ಸಮಾಜಕ್ಕೂ ಸಲ್ಲಿಸುವ ದಾಸೋಹವು ಬೆಳೆದುದು, ಇವೆಲ್ಲವೂ ಒಂದೇ ಬೇರಿನಿಂದ ಹುಟ್ಟಿದ ಕೊಂಬೆಗಳು. ಆ ಬೇರನ್ನು ಕಾಣದವನಿಗೆ ಕೊಂಬೆಗಳು ವಿಚಿತ್ರವಾದ ಪದ್ಧತಿಗಳಾಗಿ ಮಾತ್ರ ತೋರಿದವು. ಲಿಂಗವನ್ನಂತೂ ಆತನು ಅಶ್ಲೀಲವಾದ ಚಿಹ್ನೆಯೆಂದೇ ಹಳಿದನು. ನಿರಾಕಾರವಾದ ಪರವಸ್ತುವಿನ ಕುರುಹೆಂದು ಕರಸ್ಥಲದಲ್ಲಿಟ್ಟು ಧ್ಯಾನಿಸುವವರನ್ನು ಕೇಳಿದ್ದರೆ ಆ ಮಾತನ್ನು ಆತನು ಬರೆಯುತ್ತಿರಲಿಲ್ಲವೇನೋ. ಭಕ್ತರ ಮನೆಗಳಿಗೆ ದಯಮಾಡಿಸುವ ಜಂಗಮರ ನಡತೆಯನ್ನು ಕುರಿತ ಅಪವಾದವೊಂದನ್ನೂ ಆತನು ಅವರ ಪದ್ಧತಿಯೆಂಬಂತೆಯೇ ಗ್ರಂಥಕ್ಕೇರಿಸಿದನು. ಊರ ಗಾಳಿಮಾತು ಹೀಗೆ ಲಂಡನ್ನಿನ ಅಚ್ಚುಕೂಟವನ್ನು ಸೇರಿ ಪ್ರಮಾಣಗ್ರಂಥದ ಮಾತಾಯಿತು.

ಇದಕ್ಕೆ ಡುಬಾಯನ ದುರುದ್ದೇಶವೊಂದೇ ಕಾರಣವೆಂದು ಹೇಳಿದರೆ ಅನ್ಯಾಯವಾದೀತು. ಶರಣರ ವಚನಗಳು ಆ ಕಾಲದಲ್ಲಿ ಓಲೆಗರಿಗಳಲ್ಲಿ ಮಠಗಳ ಮತ್ತು ಮನೆಗಳ ಗೂಡುಗಳಲ್ಲಿದ್ದವು, ಪೂಜೆಗೊಳ್ಳುತ್ತಿದ್ದವು, ಆದರೆ ಹೊರಗಿನವನ ಕೈಗೆ ಸುಲಭವಾಗಿ ಸಿಕ್ಕುವಂತಿರಲಿಲ್ಲ. ಕೇಳಬೇಕಾದವನು ಕೇಳಲಿಲ್ಲ, ಹೇಳಬೇಕಾದ ಮಾತು ಹೊರಗೆ ಬರಲಿಲ್ಲ. ಈ ಎರಡರ ನಡುವಿನ ಬರಿದಾದ ಸ್ಥಳವನ್ನು ಅಪವಾದವು ತುಂಬಿಕೊಂಡಿತು.

ಮರಳಿ ಸ್ವದೇಶಕ್ಕೆ

1823ರ ಜನವರಿಯಲ್ಲಿ ಡುಬಾಯನು ಹಿಂದೂದೇಶವನ್ನು ಬಿಟ್ಟು ಹೊರಟನು. ಕುಂಪಣಿಯು ಆತನ ಪ್ರಯಾಣದ ವೆಚ್ಚವನ್ನು ವಹಿಸಿ ವಿಶ್ರಾಂತಿವೇತನವನ್ನೂ ಗೊತ್ತುಮಾಡಿತು. ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ಆತನ ಪತ್ರಗಳ ಗ್ರಂಥವು ಕ್ರೈಸ್ತಲೋಕದಲ್ಲಿ ದೊಡ್ಡ ಕೋಲಾಹಲವನ್ನೆಬ್ಬಿಸಿತು. ಹಿಂದೂಗಳನ್ನು ನಿಜವಾದ ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸವೆಂದು ಆತನು ಅದರಲ್ಲಿ ನಿಸ್ಸಂಕೋಚವಾಗಿ ಸಾರಿದನು. ಮೂರು ದಶಕಗಳ ಶ್ರಮದಿಂದ ತಾನು ಮತಕ್ಕೆ ಸೇರಿಸಿದವರು 200ರಿಂದ 300 ಜನರಿಗೆ ಮೀರದೆಂದೂ, ಅವರಲ್ಲಿಯೂ ಬಹುಮಂದಿ ಹೊಟ್ಟೆಗಿಲ್ಲದೆ ಬಂದವರೆಂದೂ ಒಪ್ಪಿಕೊಂಡನು. ಇಂತಹ ಸೋಲನ್ನು ತಾನಾಗಿ ಲೋಕದ ಮುಂದಿಡುವುದಕ್ಕೆ ಧೈರ್ಯವು ಬೇಕು. ಜೇಮ್ಸ್ ಹಫ್ ಮತ್ತು ಹೆನ್ರಿ ಟೌನ್‌ಲಿ ಎಂಬ ಪ್ರಾಟೆಸ್ಟಂಟ್ ಪಾದ್ರಿಗಳು 1824ರಲ್ಲಿ ಆತನಿಗೆ ಪ್ರತ್ಯುತ್ತರವಾಗಿ ಗ್ರಂಥಗಳನ್ನು ಬರೆದರು. ಡುಬಾಯನು ಹಿಂದೂಗಳ ಸ್ವಭಾವವನ್ನು ಅತಿಯಾಗಿ ಹಳಿದಿದ್ದಾನೆಂಬ ಆಕ್ಷೇಪಣೆಯೂ ಅವರಿಂದ ಬಂದಿತು. ವಿಗ್ರಹಾರಾಧಕರೆಂದು ತಾವೂ ಎಣಿಸಿದ ಜನರ ಪರವಾಗಿ ಆ ಪಾದ್ರಿಗಳು ವಾದಿಸಬೇಕಾಗಿ ಬಂದುದು ಆಶ್ಚರ್ಯಕರ. ಎರಡು ಪಕ್ಷದವರೂ ಹಿಂದೂಗಳನ್ನು ಕುರಿತು ವಾದಿಸಿದರು. ಆ ವಾದದಲ್ಲಿ ಹಿಂದೂವಿನ ಧ್ವನಿಯು ಮಾತ್ರ ಕೇಳಿಬರಲಿಲ್ಲ.

ಪ್ಯಾರಿಸ್ಸಿಗೆ ಮರಳಿದ ಡುಬಾಯನು ತನ್ನನ್ನು ಕಳುಹಿಸಿದ ಸಂಘದ ವಿದ್ಯಾಪೀಠದಲ್ಲಿಯೇ ನೆಲಸಿದನು. 1826ರಲ್ಲಿ ಪಂಚತಂತ್ರದ ಕಥೆಗಳನ್ನು ಫ್ರೆಂಚಿನಲ್ಲಿ ಪ್ರಕಟಿಸಿದನು. ಅದೇ ಸಂಪುಟದಲ್ಲಿ ಪರಮಾರ್ಥ ಗುರುವಿನ ಮತ್ತು ಆತನ ಮೂಢಶಿಷ್ಯರ ಕಥೆಯನ್ನೂ ಸೇರಿಸಿದನು. ಆ ಕಥೆಯನ್ನು ತಮಿಳಿನಲ್ಲಿ ರಚಿಸಿದವನು ಇಟಲಿಯಿಂದ ಬಂದ ಬೆಸ್ಕಿಯೆಂಬ ಪಾದ್ರಿ. ಹೀಗೆ ಪಾಶ್ಚಾತ್ಯನ ಲೇಖನಿಯಿಂದ ಬಂದ ಗುರುವಿನ ಅಣಕವು ಪೂರ್ವದೇಶದ ಕಥೆಯೆಂಬ ಹೆಸರಿನಿಂದ ಪಾಶ್ಚಾತ್ಯರಿಗೆ ತಲಪಿತು. 1836ರಿಂದ 1839ರವರೆಗೆ ಡುಬಾಯನು ಆ ಸಂಘದ ಅಧ್ಯಕ್ಷಪದವಿಯನ್ನು ವಹಿಸಿದನು. ಎಂಬತ್ತು ವರ್ಷಗಳನ್ನು ದಾಟಿದ ಮುಪ್ಪಿನಲ್ಲಿ, 1848ರ ಫೆಬ್ರವರಿ 17ರಂದು, ಪ್ಯಾರಿಸ್ಸಿನಲ್ಲಿ ದೇಹವನ್ನು ಬಿಟ್ಟನು. ಒಂದು ಕ್ರಾಂತಿಯು ಆತನನ್ನು ದೇಶದಿಂದ ಹೊರಡಿಸಿದ್ದಿತು. ಆತನು ಕಣ್ಣುಮುಚ್ಚಿದ ಕೆಲವೇ ದಿನಗಳಲ್ಲಿ ಆ ನಗರದಲ್ಲಿ ಮತ್ತೊಂದು ಕ್ರಾಂತಿಯು ಎದ್ದಿತು.

ಹಸ್ತಪ್ರತಿಯ ರಹಸ್ಯ

ಡುಬಾಯನ ಕೀರ್ತಿಯು ಮರಣಾನಂತರ ಮತ್ತಷ್ಟು ಬೆಳೆಯಿತು. 1897ರ ಆವೃತ್ತಿಗೆ ಜಗತ್ಪ್ರಸಿದ್ಧ ವಿದ್ವಾಂಸನಾದ ಮ್ಯಾಕ್ಸ್ ಮುಲ್ಲರನು ಮುನ್ನುಡಿಯನ್ನು ಬರೆದು, ಕಣ್ಣಾರೆ ಕಂಡವನ ಸಾಕ್ಷ್ಯವೆಂದು ಅದಕ್ಕೆ ಬೆಲೆಯನ್ನು ಕಟ್ಟಿದನು. ಮುಲ್ಲರನೂ ಹಿಂದೂದೇಶವನ್ನು ಎಂದೂ ಕಂಡವನಲ್ಲ. ಮುಂದೆ ಅನೇಕ ತಲೆಮಾರುಗಳ ಓದುಗರು ಆ ಗ್ರಂಥದಿಂದಲೇ ಈ ದೇಶದ ಜನರನ್ನು ಅರಿಯುತ್ತ ಬಂದರು.

ಆದರೆ 1987ರಲ್ಲಿ ಸಿಲ್ವಿಯಾ ಮುರ್ ಎಂಬ ಫ್ರೆಂಚ್ ವಿದುಷಿಯು ತನ್ನ ಸಂಶೋಧನೆಯನ್ನು ಪ್ರಕಟಿಸಿ ಎಲ್ಲರನ್ನೂ ಬೆರಗುಗೊಳಿಸಿದಳು. ಲಂಡನ್ನಿನ ಸಂಗ್ರಹದಲ್ಲಿದ್ದ 1777ನೆಯ ಇಸವಿಯ ಒಂದು ಫ್ರೆಂಚ್ ಹಸ್ತಪ್ರತಿಯನ್ನು ಡುಬಾಯನ ಗ್ರಂಥದೊಡನೆ ಹೋಲಿಸಿ ನೋಡಿದಾಗ, ಗ್ರಂಥದ ಬಹುಭಾಗವು ಆ ಹಳೆಯ ಬರೆಹದಿಂದಲೇ ತೆಗೆದುಕೊಂಡುದೆಂದು ಆಕೆಯು ತೋರಿಸಿಕೊಟ್ಟಳು. ಆ ಮೂಲವನ್ನು ಬರೆದವನು ಗಾಸ್ತೋಂ ಲೋರಾಂ ಕೇರ್ದೂ ಎಂಬ ಜೆಸ್ಯೂಟ್ ಪಾದ್ರಿ. ಆತನು 1732ರಲ್ಲಿ ಹಿಂದೂದೇಶಕ್ಕೆ ಬಂದು, ಆಂಧ್ರಸೀಮೆಯಲ್ಲಿಯೂ ಪುದುಚ್ಚೇರಿಯಲ್ಲಿಯೂ ನೆಲಸಿ, 1779ರಲ್ಲಿ ತೀರಿಕೊಂಡವನು. ಸಂಸ್ಕೃತಕ್ಕೂ ಗ್ರೀಕ್ ಲ್ಯಾಟಿನ್ ಭಾಷೆಗಳಿಗೂ ಇರುವ ಬಾಂಧವ್ಯವನ್ನು, ಕಲ್ಕತ್ತೆಯ ವಿಲಿಯಂ ಜೋನ್ಸನಿಗಿಂತ ಮೊದಲೇ, ಪ್ಯಾರಿಸ್ಸಿನ ವಿದ್ವತ್ಸಂಘಕ್ಕೆ ಬರೆದು ತಿಳಿಸಿದ ಮಹಾಪಂಡಿತನವನು. ಆತನ ಜೆಸ್ಯೂಟ್ ಸಂಘವನ್ನು ಪೋಪರು 1773ರಲ್ಲಿ ರದ್ದುಪಡಿಸಿದ ಮೇಲೆ ಆ ಸಂಘದ ಕ್ಷೇತ್ರವು ಡುಬಾಯನ ಸಂಘದ ಕೈಗೆ ಬಂದಿದ್ದಿತು. ಡುಬಾಯನು ಆ ಬರೆಹವನ್ನು ಬಳಸಿದನು. ಬರೆದವನ ಹೆಸರನ್ನು ಹೇಳಲಿಲ್ಲ.

ಇದರಿಂದ ಡುಬಾಯನ ಪರಿಶ್ರಮವೆಲ್ಲವೂ ಸುಳ್ಳಾಗಲಿಲ್ಲ. ಆತನು ತಾನೇ ಕಂಡು ಸೇರಿಸಿದುದೂ ಉಂಟು. ಆದರೆ 19ನೆಯ ಶತಮಾನದ ಮೈಸೂರಿನ ಚಿತ್ರವೆಂದು ಲೋಕವು ನಂಬಿದುದರಲ್ಲಿ ಬಹುಭಾಗವು ಅದಕ್ಕೂ ಅರ್ಧಶತಮಾನದ ಹಿಂದಿನ ಆಂಧ್ರ ಮತ್ತು ತಮಿಳು ಸೀಮೆಗಳ ಚಿತ್ರವಾಗಿದ್ದಿತೆಂಬುದು ಸ್ಪಷ್ಟವಾಯಿತು. ಪೂರ್ವದೇಶದಲ್ಲಿ ಕಾಲವು ಚಲಿಸುವುದಿಲ್ಲ, ಅಲ್ಲಿ ಊರಿಗೂ ಊರಿಗೂ ಅಂತರವಿಲ್ಲ ಎಂಬ ಭಾವನೆಯು ಪಾಶ್ಚಾತ್ಯರಲ್ಲಿ ಬೇರೂರಿದ್ದುದರಿಂದಲೇ ಈ ಅದಲುಬದಲು 170 ವರ್ಷಗಳ ಕಾಲ ಯಾರ ಗಮನಕ್ಕೂ ಬಾರದೆ ನಡೆದುಹೋಯಿತು.

ಚರಿತ್ರೆಯ ಫಲ

ತಪ್ಪಿನಿಂದಲೂ ಒಮ್ಮೊಮ್ಮೆ ಒಳಿತು ಹುಟ್ಟುವುದು. ಡುಬಾಯನ ಗ್ರಂಥದಲ್ಲಿ ವೇಮನ ಕವಿಯ ಹೆಸರನ್ನು ಕಂಡು ಕುತೂಹಲಗೊಂಡ ಚಾರ್ಲ್ಸ್ ಫಿಲಿಪ್ ಬ್ರೌನ್ ಎಂಬ ಆಂಗ್ಲ ಅಧಿಕಾರಿಯು ಆಂಧ್ರಸೀಮೆಯಲ್ಲಿ ಓಲೆಗರಿಗಳನ್ನು ಹುಡುಕಿ, 1829ರಲ್ಲಿ ವೇಮನನ ಪದ್ಯಗಳನ್ನು ಭಾಷಾಂತರದೊಡನೆ ಅಚ್ಚುಹಾಕಿಸಿದನು. ಅದೇ ಬ್ರೌನನು ಮುಂದೆ ಲಿಂಗವಂತರ ಪುರಾಣಗಳನ್ನೇ ಓದಿ, 1840ರಲ್ಲಿ ಮದರಾಸಿನ ವಿದ್ವತ್ಪತ್ರಿಕೆಯಲ್ಲಿ ಜಂಗಮರ ಮತ, ಆಚಾರ ಮತ್ತು ಸಾಹಿತ್ಯಗಳನ್ನು ಕುರಿತು ದೀರ್ಘವಾದ ಲೇಖನವನ್ನು ಪ್ರಕಟಿಸಿದನು. ಒಂದು ಮತದವರನ್ನು ಕುರಿತು ಅವರ ಪ್ರತಿಪಕ್ಷದವರು ಹೇಳಿದುದನ್ನು ಪ್ರಮಾಣವೆಂದು ಸ್ವೀಕರಿಸಲಾಗದೆಂಬುದನ್ನು ಆತನು ಕಂಡುಕೊಂಡನು. ಡುಬಾಯನಿಗೂ ಬ್ರೌನನಿಗೂ ಇದ್ದ ಅಂತರವು ವಿದ್ಯೆಯದಲ್ಲ, ಸಹವಾಸದ ವರ್ಷಗಳದೂ ಅಲ್ಲ. ಒಬ್ಬನು ಜನರನ್ನು ಕುರಿತು ಕೇಳಿದನು, ಮತ್ತೊಬ್ಬನು ಜನರ ಗ್ರಂಥವನ್ನೇ ತೆರೆದನು.

ಆದರೂ ಪರರು ಎಷ್ಟೇ ಸದ್ಭಾವದಿಂದ ಹಿಡಿದರೂ ಆ ಕನ್ನಡಿಯು ಪರರ ಕೈಯಲ್ಲಿಯೇ ಇರುವುದು. ಬಿಜಾಪುರದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಮಠಗಳಲ್ಲಿಯೂ ಮನೆಗಳಲ್ಲಿಯೂ ಅಡಗಿದ್ದ ಓಲೆಗರಿಗಳನ್ನು ಬೇಡಿ ತಂದು, ಸೋಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಅಚ್ಚುಮಾಡಿಸಿದಂದು ಶರಣರ ಮಾತು ಶರಣರದೇ ಧ್ವನಿಯಲ್ಲಿ ಲೋಕಕ್ಕೆ ಕೇಳತೊಡಗಿತು. ಡುಬಾಯನು ಮೈಸೂರು ಸೀಮೆಯನ್ನು ಬಿಟ್ಟು ಅಂದಿಗೆ ಸರಿಯಾಗಿ 100 ವರ್ಷಗಳಾಗಿದ್ದವು. ಇಲ್ಲವೆಂಬ ಪಟ್ಟಿಗೆ ಉಂಟೆಂಬ ಉತ್ತರವು ಒಂದು ಶತಮಾನವು ತುಂಬಿದ ಮೇಲೆ ಅಚ್ಚಿನಲ್ಲಿ ಸಿಕ್ಕಿತು.

ಡುಬಾಯನ ಚರಿತ್ರೆಯಲ್ಲಿ ನಿಂದಿಸುವುದಕ್ಕಿಂತ ಕಲಿಯುವುದೇ ಹೆಚ್ಚಾಗಿದೆ. ಸಿಡುಬಿನಿಂದ ಮಕ್ಕಳನ್ನುಳಿಸಿದ ಆತನ ಕೈಗೆ ಕೃತಜ್ಞತೆಯು ಸಲ್ಲತಕ್ಕುದು. ನೇಕಾರನ ಹಸಿವನ್ನು ಕಂಡ ಆತನ ಕಣ್ಣಿಗೆ ಗೌರವವು ಸಲ್ಲತಕ್ಕುದು. ಒಬ್ಬರ ಉಡುಪನ್ನುಟ್ಟ ಮಾತ್ರದಿಂದ, ಅವರ ಊಟವನ್ನುಂಡ ಮಾತ್ರದಿಂದ ಅವರ ಅಂತರಂಗವು ತಿಳಿಯದೆಂಬುದಕ್ಕೆ ಆತನ ಗ್ರಂಥವೇ ಸಾಕ್ಷಿಯಾಗಿ ನಿಂತಿದೆ. ಈ ಮಾತು ಪಾಶ್ಚಾತ್ಯರಿಗೆ ಮಾತ್ರವಲ್ಲದೆ ಪರಮತವನ್ನು ಕುರಿತು ಮಾತನಾಡುವ ಎಲ್ಲರಿಗೂ ಅನ್ವಯಿಸುವುದು. ನೆರೆಯವನನ್ನು ಅರಿಯಬೇಕೆಂಬವನು ಅವನ ಎದುರಾಳಿಯನ್ನು ಕೇಳದೆ ಅವನನ್ನೇ ಕೇಳತಕ್ಕುದು. ಅವನಲ್ಲಿ ಏನಿಲ್ಲವೆಂದೆಣಿಸದೆ ಏನಿದೆಯೆಂದು ನೋಡತಕ್ಕುದು. ಹಾಗೆಯೇ ಹಿರಿಯರ ಮಾತನ್ನು ಪಡೆದವರು ಅದನ್ನು ಗೂಡಿನಲ್ಲಿಟ್ಟು ಪೂಜಿಸಿದರೆ ಸಾಲದು. ಓದಿ, ನಡೆದು, ಕೇಳಬಂದವರಿಗೆ ಬಾಗಿಲನ್ನು ತೆರೆದು ಹೇಳತಕ್ಕುದು. ಓಲೆಗರಿಗಳನ್ನು ಕಾಪಾಡಿದ ಮಠಗಳ ಸೇವೆಯು ಪೂರ್ಣವಾಗುವುದು ಆಗಲೇ.